ಚಿನ್ನಮ್ಮ ಬಿಗಿದ ಕ್ಲಚ್ಚು

ಬೆಳಗ್ಗೆ ಐದೂಮುಕ್ಕಾಲು ಗಂಟೆ. ಹೊಂಗಡಹಳ್ಳದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಕಾಫಿ ಎಸ್ಟೇಟಿನ ಶೆಡ್ಡು. ಸೀರೆಯ ಮೇಲೆ ಹಳೆಯ ಖಾಕಿ ಅಂಗಿ ತೊಟ್ಟ ಚಿನ್ನಮ್ಮ ಮೊಣಕಾಲೂರಿ ಕುಳಿತಿದ್ದಾರೆ. ಅವರ ಮುಂದಿರುವುದು ಆರು ದಪ್ಪ ಚಕ್ರಗಳ, ದೋಣಿಯಂಥ ಹೊಟ್ಟೆಯ ಒಂದು ವಿಚಿತ್ರ ವಾಹನ. ಕೆಸರಿನಲ್ಲಿ ಓಡುತ್ತದೆ, ನೀರಿಗಿಳಿದರೆ ತೇಲುತ್ತದೆ. ಆಗ ಚಕ್ರಗಳೇ ಹುಟ್ಟುಗಳಂತೆ ನೀರನ್ನು ಹಿಂದಕ್ಕೆ ತಳ್ಳುತ್ತವೆ. ಊರಿನವರು ಇದನ್ನು ಆಮೆ ಗಾಡಿ ಎನ್ನುತ್ತಾರೆ.

ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಚಿನ್ನಮ್ಮ ಕ್ಲಚ್ಚಿನ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಳೆಯುತ್ತಾರೆ. ಅದು ಅಲ್ಲಾಡುವುದಿಲ್ಲ. ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಅದರ ಸದ್ದಿಗೆ ಕಿವಿಗೊಡುತ್ತಾರೆ.

“ಸಡ್ಲ ಆಗಿದ್ರೆ ಟಕ್ ಟಕ್ ಅಂತದೆ ಕಣ್ರೀ. ಈಗ ಒಂದೇ ಸಮ ಐತೆ. ಹೋಗ್ಬೋದು.”

ಅವರು ಹೀಗೆಂದ ಮೇಲೆಯೇ ಚಾಲಕ ವಸಂತ ಗೇರು ಹಾಕುವುದು.

ಚಿನ್ನಮ್ಮನಿಗೆ ಈಗ ಐವತ್ಮೂರು. ಆಲೂರಿನ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಈ ಎಸ್ಟೇಟಿನ ಲೈನಿಗೆ, ಅಂದರೆ ಕೂಲಿಕಾರರ ಸಾಲುಮನೆಗೆ, ಬಂದವರು. ಓದಿದ್ದು ನಾಲ್ಕನೇ ತರಗತಿ. ಕೆಲವು ವರ್ಷ ಹಣ್ಣು ಕೊಯ್ದರು, ಆಮೇಲೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಕೆಲಸಕ್ಕೆ ಸೇರಿದರು. ಪಲ್ಪರ್ ಕೆಟ್ಟರೆ ಸಕಲೇಶಪುರದಿಂದ ಮೆಕ್ಯಾನಿಕ್ ಬರಬೇಕಿತ್ತು. ಅವನಿಗೆ ಟಾರ್ಚು ಹಿಡಿಯುವ ಕೆಲಸ ಇವರದು. ಹತ್ತು ವರ್ಷ ಹಿಡಿದರು, ನೋಡಿದರು. ಒಂದು ಸುಗ್ಗಿಯಲ್ಲಿ ಅವನು ಎರಡು ದಿನವಾದರೂ ಬರಲಿಲ್ಲ.

“ಹಣ್ಣು ಕೊಯ್ದ ದಿನ್ವೇ ಮಿಷಿನ್‌ಗೆ ಹಾಕ್ಬೇಕು. ಮೆಕ್ಯಾನಿಕ್ ಬರೋಗಂಟ ಹಣ್ಣು ಕಾಯ್ತದಾ? ನಾನೇ ಬಿಚ್ಬುಟ್ಟೆ. ಹೆಂಗಸು ಮುಟ್ಟಿದ್ ಮಿಷಿನ್ ಕೆಡ್ತದೆ ಅಂತ ಅಂದ್ರು. ಕೆಟ್ಟ್ ಮೇಲೆ ತಾನೆ ನಾನ್ ಮುಟ್ಟೋದು ಅಂದೆ.”

ಎಡಗೈಯ ಕಿರುಬೆರಳಿನ ತುದಿ ಅವರಿಗಿಲ್ಲ. ಆ ಕೆಲಸ ಕಲಿಯುವಾಗ ಚೈನಿಗೆ ಸಿಕ್ಕಿ ಹೋಯಿತು. ಅದರ ಬಗ್ಗೆ ಕೇಳಿದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಬೇರೆ ಮಾತಿಗೆ ಹೊರಳುತ್ತಾರೆ. ಇಂದು ಸುತ್ತಲಿನ ಐದು ತೋಟಗಳ ಪಂಪ್‌ಸೆಟ್, ಕಳೆ ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಮೋಟಾರು ಎಲ್ಲವೂ ಅವರ ಕೈಗೇ ಬರುತ್ತವೆ.

ಆಮೆ ಗಾಡಿ ಬಂದದ್ದು ಎರಡು ವರ್ಷದ ಹಿಂದೆ. ಎಸ್ಟೇಟಿನ ಪಕ್ಕ ಹರಿಯುವ ಹಳ್ಳದ ಸೇತುವೆ ಮಳೆಗೆ ಕೊಚ್ಚಿಹೋಗಿ ಆಚೆ ದಡದ ಒಂಬತ್ತು ಮನೆಗಳು ಒಂಟಿಯಾದವು. ಬಾಗಿಲು ಮುಚ್ಚುತ್ತಿದ್ದ ರೆಸಾರ್ಟೊಂದರಿಂದ ಎಸ್ಟೇಟಿನ ಯಜಮಾನ ಶಾಂತಮಲ್ಲಪ್ಪ ಈ ವಾಹನವನ್ನು ಕೊಂಡುತಂದರು. ಬೇಸಿಗೆಯಲ್ಲಿ ಜನ ಕಲ್ಲಿನ ಮೇಲೆ ಕಾಲಿಟ್ಟು ದಾಟುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಯೇ ಗತಿ. ದಿನಕ್ಕೆ ಆರು ಸಲ, ಸಲಕ್ಕೆ ನಾಲ್ಕೇ ಜನ. ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಮಂಗಳವಾರ ಮತ್ತು ಶುಕ್ರವಾರ ತಪ್ಪದೆ ಆಚೆ ದಡದ ರಾಜಲಕ್ಷ್ಮಮ್ಮ. ಅರವತ್ತಾರರ ಅವರಿಗೆ ವಾರಕ್ಕೆರಡು ಸಲ ಸಕಲೇಶಪುರದಲ್ಲಿ ಡಯಾಲಿಸಿಸ್ ಆಗಲೇಬೇಕು.

ಕಳೆದ ಜುಲೈನ ಒಂದು ಮಂಗಳವಾರ ಸಂಜೆ, ಅವರನ್ನು ಮನೆಗೆ ಬಿಡಲು ಹೊರಟ ಗಾಡಿ ನಡುನೀರಿನಲ್ಲಿ ಕೈಕೊಟ್ಟಿತು. “ರೈಸ್ ಮಾಡಿದಷ್ಟೂ ಇಂಜಿನ್ ಕಿರುಚ್ತದೆ, ಚಕ್ರ ಮಾತ್ರ ತಿರುಗಲ್ಲ. ನೀರು ಎಳ್ಕೊಂಡು ಹೋಗ್ಬುಡ್ತು,” ಎಂದು ವಸಂತ ನೆನೆಯುತ್ತಾರೆ. ಅರವತ್ತಡಿ ತೇಲಿದ ಗಾಡಿ ಒಂದು ಬಿದಿರಿನ ಮೆಳೆಗೆ ಸಿಕ್ಕಿಕೊಂಡಿತು. ಜನ ಹಗ್ಗ ಎಸೆದು ಆಚೆ ದಡಕ್ಕೆಳೆದು ರಾಜಲಕ್ಷ್ಮಮ್ಮನನ್ನು ಇಳಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಖಾಲಿ ಗಾಡಿಯನ್ನು ಹಗ್ಗದಲ್ಲೇ ಈಚೆಗೆ ಎಳೆತಂದರು.

ಕ್ಲಚ್ಚು ಸಡಿಲವಾಗಿತ್ತು. ಎಂಜಿನ್ನಿನ ಶಾಫ್ಟಿನ ಮೇಲೆ ಕೂತು, ಬೆಲ್ಟನ್ನು ಅವುಚಿ ಹಿಡಿದು ಚಕ್ರಗಳಿಗೆ ಬಲ ಮುಟ್ಟಿಸುವ ಭಾಗ ಅದು. ಹೊಸದು ಬರಲು ಹದಿನೈದು ದಿನ ಬೇಕೆಂದು ಫೋನಿನಲ್ಲಿ ಉತ್ತರ ಬಂತು. ಆಚೆ ದಡದಿಂದ ಊರಿಗೆ ಬರುವ ಗುಡ್ಡದ ಕಾಲುದಾರಿ ಆಗಲೇ ಕುಸಿದಿತ್ತು. ರಾಜಲಕ್ಷ್ಮಮ್ಮನ ಮುಂದಿನ ಡಯಾಲಿಸಿಸ್‌ಗೆ ಉಳಿದದ್ದು ಮೂರು ದಿನ.

ಬುಧವಾರ ಚಿನ್ನಮ್ಮ ಬೋಲ್ಟು ಬಿಗಿದು, ಶೆಡ್ಡಿನ ಮೂಲೆಯಲ್ಲಿದ್ದ ಹೊಸ ಬೆಲ್ಟು ಹಾಕಿದರು. ಅಂಗಳದಲ್ಲಿ ಹತ್ತು ನಿಮಿಷ ಓಡಿಸುವಷ್ಟರಲ್ಲಿ ಕ್ಲಚ್ಚು ಮತ್ತೆ ಅಲ್ಲಾಡತೊಡಗಿತು.

“ನಂದೇ ತಪ್ಪು. ಯಾಕ್ ಸಡ್ಲ ಆಯ್ತು ಅಂತ ನೋಡ್ದೆ ಬಿಗಿದ್ಬುಟ್ಟಿದ್ದೆ. ಆವತ್ತು ಊಟ ಸೇರ್ಲಿಲ್ಲ.”

ಗುರುವಾರ ಕ್ಲಚ್ಚನ್ನು ಪೂರ್ತಿ ಹೊರತೆಗೆದರು. ಶಾಫ್ಟಿನ ತುದಿ ಬುಗುರಿಯಂತೆ ಸಪೂರವಾಗುತ್ತಾ ಹೋಗಿತ್ತು. ಅದಕ್ಕೆ ಹಿಂದೆ ಯಾರೋ ಗ್ರೀಸ್ ಬಳಿದಿದ್ದರು. ಅಲ್ಲಿ ಚಿನ್ನಮ್ಮನಿಗೆ ವಿಷಯ ಹೊಳೆಯಿತು.

“ನಮ್ಮ ಹಳೇ ಪಂಪ್‌ಸೆಟ್ಟಿನ ಗಾಲೀನೂ ಹಿಂಗೇ ಕೂತ್ಕಳದು. ಅಲ್ಲಿ ಒಣಗಿರ್ಬೇಕು. ಜಿಡ್ಡು ಇದ್ರೆ ಎಷ್ಟ್ ಬಿಗಿದ್ರೂ ಹಿಡಿಯಲ್ಲ ಕಣ್ರೀ.”

ಜಿಡ್ಡನ್ನು ಪೆಟ್ರೋಲಿನಿಂದ ಒರೆಸಿ, ಎಂಜಿನ್ನಿನ ವಾಲ್ವ್ ಉಜ್ಜಲು ಬಳಸುವ ತರಿತರಿ ಪೇಸ್ಟ್ ಹಚ್ಚಿ, ಕ್ಲಚ್ಚನ್ನು ಶಾಫ್ಟಿನ ಮೇಲೆ ಕೈಯಲ್ಲೇ ತಿರುಗಿಸಿ ಉಜ್ಜಿದರು. ತೆಗೆದರು, ನೋಡಿದರು, ಮತ್ತೆ ಉಜ್ಜಿದರು. ಏಳನೇ ಸಲಕ್ಕೆ ಎರಡೂ ಸುತ್ತಲೂ ಸಮನಾಗಿ ಕೂತ ಗುರುತು ಕಂಡಿತು. ಪೇಸ್ಟಿನ ಪುಡಿ ಉಳಿಯದಂತೆ ಒರೆಸಿ ಬೋಲ್ಟು ಬಿಗಿದರು. ಗೊಬ್ಬರದ ಚೀಲ ಹೇರಿಸಿ ಇಪ್ಪತ್ತು ಸಲ ದಿಬ್ಬ ಹತ್ತಿಸಿದರು. ಕ್ಲಚ್ಚು ಹಿಡಿದು ನಿಂತಿತು.

ಶುಕ್ರವಾರ ಬೆಳಗ್ಗೆ ವಸಂತ ಖಾಲಿ ಗಾಡಿಯನ್ನು ಆಚೆ ದಡಕ್ಕೆ ಒಯ್ದರೆ ರಾಜಲಕ್ಷ್ಮಮ್ಮ ಹತ್ತಲು ಒಪ್ಪಲಿಲ್ಲ. “ಬಿಚ್ಚಿ ಕಟ್ಟಿದೋಳು ಬಂದು ಕೂತ್ಕಳ್ಳಿ, ಆಮೇಲೆ ನಾನು,” ಎಂದು ಹೇಳಿಕಳಿಸಿದರು. ವಸಂತ ಒಬ್ಬರೇ ಹಿಂದಿರುಗಿದರು.

ಚಿನ್ನಮ್ಮನಿಗೆ ಈಜು ಬರುವುದಿಲ್ಲ. ಅದುವರೆಗೆ ಅವರು ಆ ಗಾಡಿಯಲ್ಲಿ ಹಳ್ಳ ದಾಟಿಯೂ ಇರಲಿಲ್ಲ. ಪತಿ ದಾಸಯ್ಯ ಬೇಡವೆಂದರು. “ನಂಗೇ ನಂಬ್ಕೆ ಇಲ್ಲ ಅಂದ್ರೆ ಆ ಅಮ್ಮೋರು ಯಾಕ್ ನಂಬಬೇಕು?” ಎಂದು ಇವರು ಹತ್ತಿಯೇಬಿಟ್ಟರು.

“ನಾನು ನೀರು ನೋಡ್ಲೇ ಇಲ್ಲ. ಕಿವಿ ಹಿಂದ್ಗಡೆ ಇಂಜಿನ್ ಮೇಲೇ ಇತ್ತು.”

ಮರಳಿ ಬರುವಾಗ ಪಕ್ಕದಲ್ಲಿ ಕುಳಿತ ರಾಜಲಕ್ಷ್ಮಮ್ಮ ಹೇಳುವುದೇ ಬೇರೆ: “ಅವ್ಳು ದಡ ಸೇರೋಗಂಟ ನನ್ ಸೆರಗು ಬಿಡ್ಲಿಲ್ಲ. ನಾನೇ ಅವ್ಳ ಕೈ ಗಟ್ಟಿಯಾಗಿ ಹಿಡ್ಕಂಡೆ. ಆಸ್ಪತ್ರೆಗೆ ಹೋಗ್ತಿರೋಳು ನಾನಾ ಅವ್ಳಾ ಅಂತ ನಗು ಬಂತು.” ಅಂದು ಒಂಬತ್ತು ಗಂಟೆಗೆ ಅವರು ಸಕಲೇಶಪುರ ತಲುಪಿದ್ದರು.

ಹೊಸ ಕ್ಲಚ್ಚು ಹೇಳಿದ ದಿನಕ್ಕೇ ಬಂತು. ಅದರ ಡಬ್ಬಿಯನ್ನು ಇನ್ನೂ ಒಡೆದಿಲ್ಲ. “ಅಗತ್ಯ ಬಿದ್ದಿಲ್ಲ,” ಎನ್ನುತ್ತಾರೆ ಶಾಂತಮಲ್ಲಪ್ಪ. ಮಳೆಗಾಲದ ಪ್ರತಿ ಮುಂಜಾನೆ ಚಿನ್ನಮ್ಮ ಆ ಬೋಲ್ಟನ್ನು ಮುಟ್ಟಿ ನೋಡುವುದು ಮಾತ್ರ ತಪ್ಪಿಲ್ಲ.

ನಾನು ಹೊರಡುವ ಮುನ್ನ, ನಿಮಗೇನು ಆಸೆ ಎಂದು ಚಿನ್ನಮ್ಮನನ್ನು ಕೇಳಿದೆ. ಹೊಸ ಸ್ಪ್ಯಾನರ್ ಸೆಟ್ಟನ್ನೋ, ಸಂಬಳದ ಏರಿಕೆಯನ್ನೋ ಹೇಳಬಹುದೆಂದುಕೊಂಡಿದ್ದೆ. ಚಿನ್ನಮ್ಮ ಕೈಯೊರೆಸಿಕೊಳ್ಳುತ್ತಾ ಹಳ್ಳದ ಕಡೆ ನೋಡಿದರು.

“ಬೇಗ ಸೇತುವೆ ಆಗ್ಲಿ. ಈ ಗಾಡಿ ಶೆಡ್ಡಲ್ಲೇ ನಿಂತು ತುಕ್ಕು ಹಿಡೀಲಿ. ತುಕ್ಕು ತಾನೆ, ಪುರ್ಸೊತ್ತಾದಾಗ ಬಿಚ್ಚಿ ಉಜ್ತೀನಿ.”