ಮೈ ಕೊಡವದ ಹರಕೆ ಕುರಿ

ಅತ್ತಿಗೆ, ಮಾರಮ್ಮನ ಗುಡಿಯ ಮುಂದೆ ಹರಕೆಯ ಕುರಿ ಮೈ ಕೊಡವದೆ ನಿಂತದ್ದು ನಿಮ್ಮ ದೋಷದಿಂದಲ್ಲ. ಅದರ ರಕ್ತ ತೆಗೆದವನು ನಾನು. ಒಂದು ಸಲವಲ್ಲ, ಮತ್ತೆ ಮತ್ತೆ — ಬೆಳಗಿನ ಹೊತ್ತು, ನೀವು ನೀರು ತರಲು ಹೋದಾಗ, ಕೊಟ್ಟಿಗೆಯಲ್ಲಿ.

ನಮ್ಮ ಮಧುರೆ ಹೋಬಳಿಯ ಕಡೆ ಹರಕೆ ಕುರಿಗೆ ಗಾಯವಾಗಬಾರದು ಎಂಬುದು ನನಗೂ ಗೊತ್ತಿತ್ತು. ಅದರ ಮೇಲೆ ತೀರ್ಥ ಚಿಮುಕಿಸಿದಾಗ ಅದು ಮೈ ಕೊಡವಬೇಕು; ಕೊಡವಿದರೆ ದೇವಿ ಒಪ್ಪಿದಳೆಂದು ಲೆಕ್ಕ. ಮಗುವಾದರೆ ಕುರಿ ಕೊಡುತ್ತೇನೆಂದು ನೀವು ಹರಕೆ ಹೊತ್ತದ್ದು, ಮಂಜ ಹುಟ್ಟಿದ ಮೇಲೆ ಮರಿಯಿಂದ ಈ ಕುರಿಯನ್ನು ಕೈಯಾರೆ ಮೇಯಿಸಿ ಬೆಳೆಸಿದ್ದು — ಎಲ್ಲ ನನ್ನ ಕಣ್ಣೆದುರೇ ಆದದ್ದು.

ಆಗ ತೊಂಬತ್ತರ ದಶಕದ ಶುರು. ನಾನು ಬಿ.ಎಸ್ಸಿ. ಮುಗಿಸಿ ಬಾಶೆಟ್ಟಿಹಳ್ಳಿಯ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಸಹಾಯಕನಾಗಿದ್ದೆ. ಒಂದು ದಿನ ನಮ್ಮ ಸಾರ್ ಒಂದು ವಿಷಯ ಹೇಳಿದರು. ಕುರಿಯ ಎಳೆಯ ಕೆಂಪು ರಕ್ತಕಣಗಳು ಬಲಿಯುವಾಗ ಪುಟ್ಟ ಪುಟ್ಟ ಚೀಲಗಳನ್ನು ಹೊರಕ್ಕೆ ಬಿಡುತ್ತವಂತೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣವು. ಕಣದ ಕಸ ಎಂದು ಕೆಲವರು, ಅಲ್ಲ ಎಂದು ಕೆಲವರು. ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಕಸವೇ ಆದರೆ ಅದಕ್ಕೆ ಅಷ್ಟು ಅಚ್ಚುಕಟ್ಟಾದ ಚೀಲ ಯಾಕೆ? ಒಳಗೆ ಏನಿರುತ್ತದೆ? ಊಟ ಮಾಡುವಾಗಲೂ ಅದೇ ಯೋಚನೆ. 'ತುತ್ತು ಬಾಯಿಗೋ ಮೂಗಿಗೋ?' ಎಂದು ನೀವೇ ಛೇಡಿಸಿದ್ದಿರಿ.

ಆದರೆ ಎಳೆಯ ಕಣಗಳು ಆರೋಗ್ಯವಾಗಿರುವ ಕುರಿಯ ರಕ್ತದಲ್ಲಿ ಇಲ್ಲವೆಂದರೂ ಸರಿ. ದಿನವೂ ಅಷ್ಟಷ್ಟು ರಕ್ತ ತೆಗೆದರೆ, ಕಳೆದದ್ದನ್ನು ತುಂಬಿಕೊಳ್ಳಲು ಮೈ ಆತುರಾತುರವಾಗಿ ಎಳೆಯ ಕಣಗಳನ್ನು ಹೊರಬಿಡುತ್ತದೆ. ಲ್ಯಾಬಿನ ಕುರಿಗಳು ಬೇರೆಯವರ ಕೆಲಸಕ್ಕೆ ಮೀಸಲು. ನಮ್ಮ ಕೊಟ್ಟಿಗೆಯಲ್ಲಿ ಒಂದಿತ್ತು — ಹೇಗೂ ಕಡಿಯುವ ಕುರಿ ತಾನೇ ಎಂದುಕೊಂಡೆ. 'ನಿಮ್ಮದೇ ಕುರಿಯಾ?' ಎಂದು ಸಾರ್ ಕೇಳಿದರು. 'ಮನೇದೇ ಸಾರ್' ಎಂದೆ. ಸುಳ್ಳಲ್ಲ. ನಿಜವೂ ಅಲ್ಲ.

ಕುತ್ತಿಗೆಯ ಉಣ್ಣೆ ಸರಿಸಿ ಸೂಜಿ ಹಾಕುತ್ತಿದ್ದೆ. ರಕ್ತವನ್ನು ಥರ್ಮಾಸ್‌ನಲ್ಲಿ ಐಸಿನ ಮಧ್ಯೆ ಇಟ್ಟುಕೊಂಡು, ಶಿಫ್ಟಿಗೆ ಹೋಗುವವರ ಬಸ್ಸು ಹತ್ತುತ್ತಿದ್ದೆ. 'ಏನಪ್ಪಾ, ಕಾಫೀನಾ?' ಎಂದು ಕಂಡಕ್ಟರ್ ಕೇಳಿದರೆ ನಗುತ್ತಿದ್ದೆ. ಲ್ಯಾಬಿನಲ್ಲಿ ಕಣಗಳನ್ನು ಬೆಚ್ಚಗಿನ ದ್ರವದಲ್ಲಿ ರಾತ್ರಿಯಿಡೀ ಬಿಟ್ಟು, ಮರುದಿನ ಅವುಗಳನ್ನು ಬೇರ್ಪಡಿಸಿ, ಉಳಿದ ತಿಳಿಯನ್ನು ಭಾರೀ ವೇಗದ ಯಂತ್ರದಲ್ಲಿ ತಿರುಗಿಸುವುದು. ಕೊನೆಗೆ ಕೊಳವೆಯ ತಳದಲ್ಲಿ ಇದೆಯೋ ಇಲ್ಲವೋ ಎಂಬಂಥ ಒಂದು ಮಬ್ಬು ಚುಕ್ಕೆ. ಅದನ್ನು ಕಂಡಾಗ ಆದ ಖುಷಿ — ಈಗಲೂ ನಾಚಿಕೆಯಾಗುತ್ತದೆ, ಆದರೆ ಖುಷಿಯೇ ಆಗಿತ್ತು.

ಸಾರ್ ಮಾತ್ರ ಒಪ್ಪಲಿಲ್ಲ. 'ಒಡೆದುಹೋದ ಕಣದ ಚೂರಲ್ಲ ಅಂತ ಹೇಗೆ ಹೇಳ್ತೀಯಾ? ಇನ್ನೊಂದು ಸಲ ಮಾಡಿ ತೋರಿಸು.' ಮತ್ತೆ ತೆಗೆದೆ. ಅದು ಸಾಲದೆ ಮತ್ತೊಮ್ಮೆ.

ಕುರಿ ಹಿಂಡಿಯನ್ನೂ ಮೂಸದಾಯಿತು. ನೀವು ಅದರ ಗದ್ದ ಹಿಡಿದುಕೊಂಡು ಕೂತಿದ್ದಿರಿ. 'ಯಾಕೋ ಮಂಕಾಗೈತೆ ಕಣಪ್ಪಾ. ಯಾರ್ದಾದ್ರೂ ದೃಷ್ಟಿ ತಾಗೈತೇನೋ?'

'ಬಿಸಿಲಿಗೆ ಕಣತ್ತಿಗೆ' ಎಂದೆ.

ಇಷ್ಟೇ ಮಾತು. ಆಗ ಬಾಯಿ ಬಿಟ್ಟಿದ್ದರೆ ಹರಕೆಯನ್ನು ಒಂದು ತಿಂಗಳು ಮುಂದೂಡಬಹುದಿತ್ತು, ಅಣ್ಣ ನನಗೆ ಎರಡು ಬಾರಿಸುತ್ತಿದ್ದ, ಮುಗಿಯುತ್ತಿತ್ತು.

ಹರಕೆಯ ದಿನ ಪೂಜಾರಿ ತೀರ್ಥ ಹಾಕಿದರು. ಕುರಿ ತಲೆ ತಗ್ಗಿಸಿ ನಿಂತಿತ್ತು. ಮತ್ತೆ ಹಾಕಿದರು. ಅಣ್ಣ ಚೊಂಬಿನಲ್ಲಿ ನೀರು ತಂದು ಬೆನ್ನಿಗೆ ಸುರಿದ. ನೀರು ಉಣ್ಣೆಯಿಂದ ತೊಟ್ಟಿಕ್ಕುತ್ತಿತ್ತು, ಕುರಿ ಅಲ್ಲಾಡಲಿಲ್ಲ. ಅದರ ಮೈಯಲ್ಲಿ ರಕ್ತವೇ ಇಲ್ಲವೆಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. 'ಅಮ್ಮ ಒಪ್ತಾ ಇಲ್ಲ. ಮನೇಲಿ ಯಾರೋ ತಪ್ಪು ಮಾಡವ್ರೆ' ಎಂದರು ಪೂಜಾರಿ. ಅವ್ವ ತಿರುಗಿ ನೋಡಿದ್ದು ನಿಮ್ಮನ್ನು.

ನೀವು ಮಣ್ಣಿನಲ್ಲೇ ಅಡ್ಡಬಿದ್ದಿರಿ. 'ನಾನೇ ಕಣತ್ತೆ! ಮಗೀಗೆ ಜ್ವರ ಬಂದಾಗ, ಈ ಮಾರಮ್ಮಂಗೆ ಕಣ್ಣಿಲ್ವಾ ಅಂತ ಬೈದ್ಬಿಟ್ಟಿದ್ದೆ!'

ಮಾಡದ ತಪ್ಪನ್ನು ಹುಡುಕಿ ತಂದು ಎಲ್ಲರ ಮುಂದೆ ಒಪ್ಪಿಕೊಂಡಿರಿ. ಮಾಡಿದವನು ನಾನು ಹತ್ತೇ ಹೆಜ್ಜೆ ದೂರದಲ್ಲಿ — ಬಾಯಿ ಹೊಲಿದುಕೊಂಡು ನಿಂತಿದ್ದೆ. ಹೆದರಿಕೆಯೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಇನ್ನೇನು ಆ ಚೀಲಗಳ ಚಿತ್ರ ಬರುವುದಿತ್ತಲ್ಲ, ಕೆಲಸ ನಿಂತುಹೋದರೆ ಎಂಬ ಯೋಚನೆ.

ಚಿತ್ರ ಬಂತು. ನಗರದ ದೊಡ್ಡ ಸಂಸ್ಥೆಯೊಂದರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗಾಳಿ ಕಮ್ಮಿಯಾದ ಚೆಂಡುಗಳಂತೆ ಕಂಡವು, ನಡುವೆ ತುಸು ತಗ್ಗು. ಕಣ ಎಳೆಯದಾಗಿದ್ದಾಗ ಕಬ್ಬಿಣವನ್ನು ಒಳಗೆಳೆದುಕೊಳ್ಳಲು ಬಳಸುವ ಪ್ರೋಟೀನು ಆ ಚೀಲಗಳಲ್ಲೂ ಸಿಕ್ಕಿತು. ಬರೀ ಚೂರುಗಳಲ್ಲ ಎಂದು ಸಾರ್ ಒಪ್ಪಿ ಬೆನ್ನು ತಟ್ಟಿದರು. ಮನೆಗೆ ಬಂದರೆ ನೀವು ಗೋಡೆಗೆ ಮುಖ ಮಾಡಿ ಮಲಗಿದ್ದಿರಿ.

ಮುಂದಿನ ವರ್ಷ ನಿಮ್ಮನ್ನು ಗುಡಿಯ ಹೊರಗೆ ನಿಲ್ಲಿಸಿ, ಅಂದು ಕಡಿಯದೆ ಉಳಿದ ಕುರಿಯ ಬದಲು ಅವ್ವನ ಕೈಯಿಂದ ಬೇರೊಂದನ್ನು ಕೊಡಿಸಿದರು. ನೀರು ಬಿದ್ದೊಡನೆ ಅದು ಕೊಡವಿತು. ದೋಷ ನಿಮ್ಮದೇ ಎಂದು ಊರಿಗೆ ಖಾತ್ರಿಯಾಯಿತು. ಲ್ಯಾಬಿನಲ್ಲಿ ಯಾರಾದರೂ ಹೀಗೆ ತೀರ್ಮಾನ ಮಾಡಿದ್ದರೆ ನಾನೇ ನಗುತ್ತಿದ್ದೆ: ಕುರಿಯನ್ನೂ ಬದಲಿಸಿ, ಕೊಡುವವರನ್ನೂ ಬದಲಿಸಿ, ಕಾರಣ ಇದೇ ಎನ್ನುವುದೇ? ಅಲ್ಲಿ ಪ್ರಶ್ನೆ ಕೇಳಿ ಕೇಳಿ ಹೆಸರು ಮಾಡಿದವನು ಇಲ್ಲಿ ಒಂದನ್ನೂ ಕೇಳಲಿಲ್ಲ.

ಈಗ ಆ ಚೀಲಗಳಲ್ಲಿ ಕಾಯಿಲೆಗಳ ಸುಳಿವು ಹುಡುಕುತ್ತಾರೆ. ಅವುಗಳ ಬಗ್ಗೆ ಓದುವಾಗ ಇಂದಿಗೂ ನನ್ನ ಕುತೂಹಲ ತಣಿದಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಅವ್ವ ಹೋಗಿ ಎಷ್ಟೋ ಕಾಲವಾಯಿತು. ಮಂಜನಿಗೇ ಮಕ್ಕಳಾಗಿವೆ. ನಿಮ್ಮನ್ನು ಈಗ ಯಾರೂ ತಡೆಯುವುದಿಲ್ಲ, ಆದರೂ ಗುಡಿಗೆ ಹೋದಾಗಲೆಲ್ಲ ನೀವು ಹೊಸ್ತಿಲಿನ ಹೊರಗೇ ನಿಂತು ಕೈಮುಗಿಯುತ್ತೀರಿ. ಕಾರಣ ಕೇಳಿದ ಸೊಸೆಗೆ 'ನಂದು ಅಭ್ಯಾಸ ಕಣಮ್ಮ' ಎಂದಿರಿ. ಪಕ್ಕದಲ್ಲೇ ನಾನಿದ್ದೆ.

ಬರುವ ಮಂಗಳವಾರ ಊರಿಗೆ ಬರುತ್ತೇನೆ ಅತ್ತಿಗೆ. ಗುಡಿಯ ಮುಂದೆ, ಅಣ್ಣನೂ ಪೂಜಾರಿಯೂ ಇರುವಾಗ, ಇಷ್ಟನ್ನೂ ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ನೀವು ನನ್ನ ಮುಖ ನೋಡಬೇಕೆಂದಿಲ್ಲ. ಒಳಕ್ಕೆ ಹೋಗಿ. ಹೊರಗೆ ನಾನು ನಿಂತಿರುತ್ತೇನೆ.