ಎರಡು ಚೀಲ ಮರಳು

ನನ್ನ ಗ್ಯಾರೇಜಿನ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿಯಿದೆ, ಅದರ ಮೇಲೆ ನಾಲ್ಕು ಮಡಿಕೆ ಹಾಕಿದ ಗೋಣಿಚೀಲ. ಕುರ್ಚಿ ಸೀಳು ಬಿಟ್ಟಿರಬೇಕು, ಅದಕ್ಕೇ ಮುಚ್ಚಿದ್ದಾನೆ ಎಂದುಕೊಂಡು ಬಂದವರು ನಿಂತೇ ಮಾತಾಡುತ್ತಾರೆ. ನೀವೂ ಹಾಗೆಯೇ ತಿಳಿದೀರಿ ಎಂದು ಅದರ ಕಥೆ ಹೇಳುತ್ತೇನೆ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ಕೊಟ್ಟೂರಿನ ಸುತ್ತಲಿನ ಎರೆಹೊಲಗಳಲ್ಲಿ ಹೂತ ಜೀಪುಗಳನ್ನು ಎತ್ತಿ ಎತ್ತಿ ಕಲಿತ ವಿದ್ಯೆ ನನ್ನದು, ಅದರ ಬಗ್ಗೆ ನನಗಿದ್ದದ್ದು ಸಣ್ಣ ಅಭಿಮಾನವೇನಲ್ಲ. ಚಕ್ರ ಹಿಡಿತ ತಪ್ಪಿ ಸುಮ್ಮನೆ ತಿರುಗತೊಡಗಿದರೆ ನಮ್ಮ ಕಡೆಯ ಮದ್ದು ಒಂದೇ: ಹಿಂದುಗಡೆ ಎರಡು ಚೀಲ ಮರಳು ಹೇರುವುದು. ಜೀಪಿಗೆ ಆ ಮದ್ದು ಎಂದೂ ಸುಳ್ಳಾಗಿರಲಿಲ್ಲ.

ಒಂದು ದಿನ ದುರುಗೇಶ ಬಂದ. ಹಗರಿಬೊಮ್ಮನಹಳ್ಳಿಯಲ್ಲಿ ಬ್ಯಾಂಕ್ ನೌಕರ. ಅವನ ಮನೆತನಕ್ಕೇ ಅದು ಮೊದಲ ಕಾರು, ಸೆಕೆಂಡ್ ಹ್ಯಾಂಡ್ ಆದರೂ ಟರ್ಬೊ ಎಂಜಿನ್ನಿನದು, ಕಾಲಿಟ್ಟರೆ ಹಾರುವಂಥದ್ದು. ಆದರೆ ನಿಂತಲ್ಲಿಂದ ಜೋರಾಗಿ ಹೊರಡಿಸಿದರೆ, ಅದರಲ್ಲೂ ಏರಿನಲ್ಲಿ, ಮುಂದಿನ ಚಕ್ರಗಳು ಜಾರಿ, ಹಿಡಿದು, ಮತ್ತೆ ಜಾರಿ, ಕಾರಿನ ಮೂತಿಯೇ ದಡದಡನೆ ಕುಣಿಯುತ್ತಿತ್ತು.

"ನಮ್ಮಪ್ಪ ಕಾರು ಹತ್ತೋದ ಬಿಟ್ಟಾನ್ರಿ ಮೇಸ್ತ್ರಿ. ಒದಿಯೋ ಕುದುರಿ ತಂದೀಯಲ್ಲಲೇ ಅಂತಾನ. ಅವನ್ನ ಕುಂದ್ರಿಸ್ಕೊಂಡು ಓಡಾಡಬೇಕಂತನ ತಗಂಡಿದ್ದು. ಇದು ಸರಿ ಆಗ್ಲಿಲ್ಲಂದ್ರ ಮಾರಿಬಿಡ್ತೀನಿ."

"ಮಾರೋ ಮಾತ್ಯಾಕ? ನಾ ಅದೀನಲ್ಲ," ಎಂದು ಡಿಕ್ಕಿಯಲ್ಲಿ ಎರಡು ಚೀಲ ಮರಳು ಇಟ್ಟು ಕಳಿಸಿದೆ.

ವಾರ ಕಳೆದು ಮತ್ತೆ ಬಂದ. "ಮೊದಲ ಕುಣೀತಿತ್ತು, ಈಗ ಗುದ್ದತೈತ್ರಿ." ಮೇಸ್ತ್ರಿ ಏನನ್ನುತ್ತಾನೋ ಕೇಳೋಣವೆಂದು ಅವನ ಅಪ್ಪ ಹನುಮಂತಪ್ಪನವರೂ ಬಂದಿದ್ದರು, ಆದರೆ ಬಸ್ಸಿನಲ್ಲಿ. ಮಗ ಕಾರಿನಲ್ಲಿ, ಅಪ್ಪ ಬಸ್ಸಿನಲ್ಲಿ! ಮಗನಿಗೆ ಕುರ್ಚಿ ಎಳೆದುಕೊಟ್ಟೆ. ಅಪ್ಪ ಹೊಸ್ತಿಲ ಹೊರಗೆ ನೆಲಕ್ಕೇ ಕೂತರು. ಮೇಲೆ ಕೂರ್ರಿ ಎನ್ನಲು ನನಗೆ ಹೊಳೆಯಲೂ ಇಲ್ಲ.

ಕಾರನ್ನು ಸುತ್ತು ಹಾಕಿ, "ಮಾಲೇ ಹಂಗೈತಪ, ಏನೂ ಮಾಡಾಕ ಬರಂಗಿಲ್ಲ," ಎಂದುಬಿಟ್ಟೆ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ, ನೋಡಿ.

ಹೊಸ್ತಿಲಿನಿಂದ ದನಿ ಬಂತು. "ಮೇಸ್ತ್ರಿ, ಈ ಗಾಡಿಗೆ ಎತ್ತು ಎಲ್ಲಿ ಕಟ್ಯಾರ?"

ನಕ್ಕೆ. "ಮುಂದ, ಯಜಮಾನ್ರ. ಎಂಜಿನ್ನೂ ಮುಂದ, ಎಳಿಯೋ ಗಾಲೀನೂ ಮುಂದ."

"ಮತ್ತ ಚೀಲ ಹಿಂದ್ಯಾಕ ಹೇರೀರಿ? ಹಿಂಭಾರ ಆದ್ರ ನೊಗ ಮ್ಯಾಲ ಏಳತೈತಿ. ಎತ್ತಿನ ಕಾಲು ನೆಲಕ್ಕ ಊರಂಗಿಲ್ಲ. ಎಲ್ಲಿಂದ ಎಳೀಬೇಕು ಅವು?"

"ಸುಮ್ನಿರಪ್ಪ, ಅವ್ರಿಗೆ ಗೊತ್ತೈತಿ," ಎಂದ ದುರುಗೇಶ.

ನನಗೆ ಗೊತ್ತಿರಲಿಲ್ಲ. ಯೌವನವಿಡೀ ಸಂತೆಗಳಲ್ಲಿ ಹಮಾಲಿ ಮಾಡಿ, ಶೇಂಗಾ ಚೀಲಗಳನ್ನು ಗಾಡಿಗೆ ಹೇರಿದ ಆ ಹೆಗಲಿಗೆ ಗೊತ್ತಿತ್ತು. ಗಾಡಿ ಮುನ್ನುಗ್ಗುವಾಗ ಭಾರ ತಾನಾಗಿಯೇ ಹಿಂದಕ್ಕೆ ವಾಲಿ ಮೂತಿ ಹಗುರಾಗುತ್ತದೆ. ಹಿಂದಿನ ಗಾಲಿ ತಳ್ಳುವ ಜೀಪಿನ ಮದ್ದನ್ನೇ ನಂಬಿ, ಅದರ ಮೇಲೆ ನಾನು ಮರಳು ಬೇರೆ ಹೇರಿದ್ದೆ. ಎಳೆಯುವವರ ಕಾಲಡಿಯ ನೆಲ ನಾವೇ ಕಿತ್ತುಕೊಂಡು, ಆಮೇಲೆ ಎಳೆಯಲಿಲ್ಲವೆಂದು ಬೈಯುವುದು ಕಾರಿನ ವಿಷಯದಲ್ಲಷ್ಟೇ ಅಲ್ಲ, ಮನೆಗಳಲ್ಲೂ ಎಷ್ಟು ನಡೆಯುತ್ತದೆಯೋ!

ಚೀಲ ಇಳಿಸಿ, ಈ ಸಲ ಕಾರಿನ ಕೆಳಗೆ ಮಲಗಿ ನೋಡಿದೆ. ಎಂಜಿನ್ನನ್ನು ಹಿಡಿದಿಡುವ ಕೆಳಗಿನ ಮೌಂಟಿನ ರಬ್ಬರ್ ಹರಿದಿತ್ತು. ಚಕ್ರದ ತೋಳುಗಳ ಕೀಲಿನಲ್ಲಿ ಕೂರುವ ರಬ್ಬರ್ ಬುಷ್‌ಗಳೂ ಸವೆದಿದ್ದವು. ಜೋರು ಬಿದ್ದಾಗಲೆಲ್ಲ ಎಂಜಿನ್ನು ಹಿಂದಕ್ಕೆ ಹೊರಳಿ, ಸ್ಪ್ರಿಂಗಿನಂತೆ ಮರಳಿ, ಚಕ್ರವನ್ನು ಜಗ್ಗುತ್ತಿತ್ತು. ಬುಷ್ ಬದಲಿಸಿದೆ, ಮೊದಲಿನದಕ್ಕಿಂತ ಗಟ್ಟಿ ರಬ್ಬರಿನ ಮೌಂಟ್ ಕೂಡಿಸಿದೆ. ಕಲ್ಲಿನಂತಾಗುವಷ್ಟು ಗಾಳಿ ತುಂಬಿದ್ದ ಟೈರುಗಳಿಂದ ಹೆಚ್ಚಿನದನ್ನು ಬಿಟ್ಟು ಅಳತೆಗೆ ತಂದೆ. ದುರುಗೇಶನ ಕಾಲಿಗೂ ಒಂದು ಪಾಠ ಹೇಳಿದೆ: "ಒಮ್ಮೆಲೆ ಒತ್ತಬ್ಯಾಡ. ಗಾಲಿ ನೆಲ ಹಿಡಿದ ಮ್ಯಾಲ ಜೋರು ಕೊಡು."

ಹನುಮಂತಪ್ಪನವರನ್ನು ಮುಂದಿನ ಸೀಟಿನಲ್ಲಿ ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು. ನಾನು ಹಿಂದೆ ಕೂತೆ. ರೈಲ್ವೆ ಗೇಟಿನ ಏರಿನಲ್ಲಿ ಕಾರು ನಿಂತಾಗ ಮುದುಕರ ಕೈ ಬಾಗಿಲ ಹಿಡಿಯನ್ನು ಬಿಗಿದಿತ್ತು. ದುರುಗೇಶ ಹದವಾಗಿ ಕಾಲು ಒತ್ತಿದ. ಕಾರು ಒಂದೇ ಉಸಿರಿಗೆ ಏರು ಹತ್ತಿತು.

"ಕುದುರಿ ಎಲ್ಲಿ ಹೋತಲೇ?" ಎಂದರು ಮಗನಿಗೆ. ಆಮೇಲೆ ಹಿಂದೆ ತಿರುಗಿ, "ಕುಂತಲ್ಲಿ ಸಣ್ಣಗ ನಡಗತೈತಲ್ಲ ಮೇಸ್ತ್ರಿ?"

"ಗಟ್ಟಿ ರಬ್ಬರ್ ಹಾಕೀನಿ ಯಜಮಾನ್ರ, ಅಷ್ಟು ಇರತೈತಿ."

"ನಡಗಲಿ ಬಿಡು. ಒದೀಬಾರ್ದು, ಅಷ್ಟ."

ಗ್ಯಾರೇಜಿಗೆ ಮರಳಿದ ಮೇಲೆ ಅವರೇ ಒಂದು ಚೀಲದ ಮರಳು ಸುರಿದು, ಕೊಡವಿ, ಹಮಾಲರು ಹೆಗಲಿಗೆ ಹಾಕಿಕೊಳ್ಳುವಂತೆ ನಾಲ್ಕು ಮಡಿಕೆ ಮಾಡಿ, ಮತ್ತೆ ಹೊಸ್ತಿಲ ಕಡೆಗೇ ನಡೆದರು. ನಾನು ಕುರ್ಚಿ ಎಳೆದೆ. "ಇರ್ಲಿ ಬಿಡಪ, ನನ್ನ ಧೋತ್ರ ಮಣ್ಣಾಗೈತಿ," ಎಂದರು. ಅವರ ಕೈಯಿಂದ ಚೀಲ ಇಸಿದುಕೊಂಡು ಕುರ್ಚಿಗೆ ಹಾಸಿ, ತೋಳು ಹಿಡಿದು ಕೂರಿಸಿದೆ. ಚಹಾ ಕುಡಿದು, ಮಗನ ಪಕ್ಕದಲ್ಲಿ ಕೂತೇ ಊರಿಗೆ ಹೋದರು.

ಅಂದಿನಿಂದ ಆ ಚೀಲ ಅಲ್ಲೇ ಇದೆ. ಕುರ್ಚಿ ಗಟ್ಟಿಯಾಗಿದೆ, ನೀವು ಬಂದರೆ ಧಾರಾಳವಾಗಿ ಕೂರಿ. ಹನುಮಂತಪ್ಪನವರು ಬಂದರೆ ಮಾತ್ರ ಏಳಬೇಕು.