ಬೀದರಿನ ಮಣ್ಣು, ಔರಾದದ ಪರವಾನೆ

ಬೀದರಿಗೆ ಬಂದ ಮರುದಿನ ನನ್ನ ಉಸ್ತಾದರು, ಎಂದರೆ ಗುರುಗಳು, ಕೋಟೆಯ ಕತ್ತಲೆ ಮೂಲೆಯಿಂದ ಬಗೆದು ತಂದ ಚಿಟಿಕೆ ಮಣ್ಣನ್ನು ನನ್ನ ನಾಲಿಗೆಯ ಮೇಲಿಟ್ಟರು.

“ನುಂಗಬ್ಯಾಡ, ಉಗುಳಬ್ಯಾಡ ಬೇಟಾ. ನಾಲಿಗಿ ಏನ್ ಹೇಳ್ತದ ಕೇಳು.”

“ಉಪ್ಪು ಅನಸ್ತೈತ್ರಿ.”

“ಉಪ್ಪು ನಿಮ್ಮ ಧಾರವಾಡದಾಗೂ ಸಿಗ್ತದ. ಮತ್ತ ನೋಡು.”

ಲೋಹದ ಪಾತ್ರೆಯಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸಕ್ಕೆ ಕೊನೆಯಲ್ಲಿ ಕಪ್ಪು ಹಿಡಿಸುವುದು ಆ ಮಣ್ಣು. ಅದನ್ನು ಆರಿಸುವುದು ನಾಲಿಗೆ. ಆ ವಿದ್ಯೆಗಾಗಿಯೇ ನಾನು ಬ್ರಿಟಿಷರ ಸೀಮೆಯನ್ನು ಬಿಟ್ಟು ನಿಜಾಮರ ರಾಜ್ಯಕ್ಕೆ ಬಂದವನು.

ನಮ್ಮಲ್ಲಿ ಬಾಡಿಗೆದಾರನಿಗೆ ಹಿತ್ತಲ ಬಾಗಿಲು. ಇಲ್ಲಿ ಬೀದರಿನ ಪಕ್ಕದ ಚಿದ್ರಿಯ ರೈತ ಶಿವಲಿಂಗಪ್ಪನವರು ತಮ್ಮ ಪಡಸಾಲೆಯನ್ನೇ ಬಿಟ್ಟುಕೊಟ್ಟರು. ಅವರ ಮನೆಯ ತೊಗರಿಬೇಳೆಯ ಖಾರಕ್ಕೆ ಮೊದಲ ವಾರ ಕಣ್ಣೀರಿಟ್ಟೆ. ಒಂಟಿತನದ ಕಣ್ಣೀರೂ ಅದರಲ್ಲಿಯೇ ಸೇರಿ ಹೋಯಿತು.

ಎರಡನೆಯ ವರ್ಷ ಹೊಸ ನಿಯಮ ಬಂತು. ಹೊರಸೀಮೆಯ ವಿದ್ಯಾರ್ಥಿ ವರ್ಷವರ್ಷವೂ ಪರವಾನೆ ಪಡೆಯಬೇಕು, ಅದಕ್ಕೆ ‘ಮುಲ್ಕಿ’, ಅಂದರೆ ಈ ನಾಡಿನವನೆಂದು ದಾಖಲಾದ, ಹೊಲವುಳ್ಳವನೊಬ್ಬ ಜಾಮೀನು ನಿಲ್ಲಬೇಕು, ಅವನು ಸಂಬಂಧಿಕನಾಗಿರಬಾರದು. ಉಸ್ತಾದರಿಗೆ ಹೊಲವಿರಲಿಲ್ಲ. ಶಿವಲಿಂಗಪ್ಪನವರ ಹೊಲ ಔರಾದ ತಾಲೂಕಿನ ಸಂತಪುರದಲ್ಲಿದ್ದುದರಿಂದ ಇಬ್ಬರೂ ಚಕ್ಕಡಿ ಹೂಡಿಕೊಂಡು ಔರಾದದ ಕಚೇರಿಗೆ ಹೋದೆವು. ಅಲ್ಲಿಯ ಪೇಶ್ಕಾರ, ಎಂದರೆ ಕಚೇರಿಯ ಗುಮಾಸ್ತ, ನಮ್ಮನ್ನು ಬಾಗಿಲಲ್ಲಿಯೇ ನಿಲ್ಲಿಸಿದ.

“ಬಾಡಿಗಿ ಎಷ್ಟು ತಗೋತೀರಿ?”

“ಮನ್ಯಾಗ ಉಣ್ಣಾವನ ಹಂತೇಲಿ ಬಾಡಿಗಿ ತಗೋತಾರೇನ್ರಿ, ಸಾಹೇಬ?” ಎಂದರು ಶಿವಲಿಂಗಪ್ಪ.

“ಹಂಗಾದ್ರ ಸಂಬಂಧಿಕ ಆದ. ಜಾಮೀನು ನಡಿಯಲ್ಲ.”

“ಅಂವ ಧಾರವಾಡದಾಂವ, ನಾ ಚಿದ್ರಿಯಾಂವ. ಹ್ಯಾಂಗ ಸಂಬಂಧ್ರಿ?”

“ಪುಕ್ಕಟ್ ಸಾಕ್ಲತ್ತೀರಿ ಅಂದ್ರ ಅಳಿಯನ್ ಮಾಡ್ಕೊಳಾಕೇ ಇರಬೇಕು.”

ಕಚೇರಿಯಲ್ಲಿ ನಕ್ಕವರು ಆರು ಮಂದಿ. ಆರೂ ಹೆಸರುಗಳನ್ನು ಅಂದೇ ವಿಚಾರಿಸಿ ಬರೆದುಕೊಂಡೆ.

ಪರವಾನೆ ಸಿಗದೆ ಗಡಿ ದಾಟಿಸಲ್ಪಟ್ಟೆ. ಮರುವರ್ಷ ಬೇರೊಬ್ಬರ ಜಾಮೀನಿನಲ್ಲಿ ಮರಳುವಷ್ಟರಲ್ಲಿ ಉಸ್ತಾದರು ತೀರಿಕೊಂಡಿದ್ದರು. ಕಪ್ಪು ಹಿಡಿಸುವುದನ್ನು ಅವರು ಇನ್ನೂ ನನಗೆ ಕಲಿಸಿರಲಿಲ್ಲ. ಆ ಮಣ್ಣಿನ ರುಚಿ ಬಲ್ಲ ಅವರ ಹೆಂಡತಿ ಭಾಲ್ಕಿಯ ತವರುಮನೆಯಲ್ಲಿದ್ದರು. ನಾನು ಒಯ್ದ ಮಣ್ಣನ್ನು ಪರದೆಯ ಹಿಂದೆ ರುಚಿ ನೋಡಿ, “ಇದಲ್ಲ” ಎಂದು ಆ ತಾಯಿ ಹನ್ನೊಂದು ಸಲ ಹಿಂದಿರುಗಿಸಿದರು. ಹನ್ನೆರಡನೆಯ ಸಲ ಪರದೆಯಾಚೆಯಿಂದ ಉಸ್ತಾದರು ಕಪ್ಪು ಹಿಡಿಸುತ್ತಿದ್ದ ಕಬ್ಬಿಣದ ಬಾಣಲೆಯನ್ನು ನನ್ನತ್ತ ಸರಿಸಿದರು.

ವರ್ಷಗಳು ಕಳೆದು ನಾನೂ ಮುಲ್ಕಿಯಾದೆ. ಸಂತಪುರದಲ್ಲಿ ಹೊಲ ಕೊಂಡೆ. ಬೇಡಿ ಬಂದ ಪ್ರತಿಯೊಬ್ಬ ಹೊರಸೀಮೆಯ ವಿದ್ಯಾರ್ಥಿಗೂ ಜಾಮೀನು ನಿಂತೆ. ಆ ನಿಯಮವನ್ನು ರದ್ದುಪಡಿಸಬೇಕೆಂದು ವರ್ಷಕ್ಕೊಂದು ಅರ್ಜಿಯನ್ನೂ ಕಳುಹಿಸುತ್ತ ಬಂದೆ. ಕಳೆದ ತಿಂಗಳು ಅದೇ ಪೇಶ್ಕಾರ, ಈಗ ನೌಕರಿಯಿಂದ ಇಳಿದವನು, ನನ್ನ ಬಾಗಿಲಿಗೆ ಬಂದ. ಅವನ ಮಗಳ ಮಗ ಬ್ರಿಟಿಷರ ಸೀಮೆಯ ಸೊಲ್ಲಾಪುರದಲ್ಲಿ ಹುಟ್ಟಿದವನು, ಬೀದರಿನಲ್ಲಿ ಓದಲು ಜಾಮೀನು ಬೇಕಂತೆ.

“ನೀವೇ ಯಾಕ ನಿಲ್ಲಬಾರದು?” ಎಂದೆ.

“ಸಂಬಂಧಿಕರದು ನಡಿಯಲ್ಲರಿ.”

“ಗೊತ್ತದ.”

ಈ ವರ್ಷದ ಅರ್ಜಿಯನ್ನು ತೆಗೆದು, ಅವನನ್ನು ನಿಲ್ಲಿಸಿಯೇ, ಅಳಿಯನ ಮಾತನ್ನೂ ಆರು ಹೆಸರುಗಳನ್ನೂ ಬಿಡದೆ ಪೂರ್ತಿ ಓದಿದೆ. ಕೊನೆಗೆ ಲೇಖನಿ ಚಾಚಿದೆ.

“ಎಲ್ಲಿ ಹಾಕಲಿರಿ?” ಎಂದ.

“ನನ್ನ ಹೆಸರಿನ ಕೆಳಗ.”

ಅವನು ಸಹಿ ಹಾಕಿದ ಮೇಲೆ ಜಾಮೀನು ಬರೆದುಕೊಟ್ಟೆ. ಕರುಣೆಯಿಂದಲ್ಲ, ಆ ನಿಯಮಕ್ಕೆ ವಿರುದ್ಧವಾಗಿ ಅದನ್ನು ನಡೆಸಿದ ಕೈಯೇ ಸಾಕ್ಷಿಯಾಗಬೇಕೆಂದು.

ಇಷ್ಟಾಗಿ ನಾನೀಗ ಇಲ್ಲಿಯವನೇ ಎಂದು ನೀವು ಕೇಳಬಹುದು. ಕಳೆದ ವರ್ಷ ಧಾರವಾಡಕ್ಕೆ ಹೋದಾಗ ನನ್ನ ಸ್ವಂತ ತಮ್ಮ ಒಳಗೆ ಕೂಗಿ ಹೇಳಿದ: “ಮೊಗಲಾಯಿಯವರು ಬಂದಾರ, ಚಾಪಿ ಹಾಸ್ರಿ.” ನಿಜಾಮರ ಸೀಮೆಯವರಿಗೆ ನಮ್ಮಲ್ಲಿ ಇರುವ ಹೆಸರದು. ನಾನು ಹುಟ್ಟಿದ ಕೋಣೆಯಲ್ಲಿ ಅತಿಥಿಯ ಚಾಪೆಯ ಮೇಲೆ ಕುಳಿತು ಉಂಡೆ. ಅದನ್ನೂ ಬರೆದಿಟ್ಟುಕೊಂಡಿದ್ದೇನೆ.